ಅತ್ತಿಗೆ, ಆ 11 ಮಕ್ಕಳು ಉಳಿದರು

ಮೊನ್ನೆ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ಈ ಆರು ವರ್ಷ ಹೇಗೆ ಕಳೆದವು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ನನ್ನ ಗೈಡ್‌ಗೆ, ಲೈಬ್ರರಿಯವರಿಗೆ, ಹಾಸ್ಟೆಲ್ ಗೆಳತಿಯರಿಗೆ, ಫೀಸಿಗೆ ಸಾಲ ಕೊಟ್ಟು ಒಂದು ಸಲವೂ ವಾಪಸ್ ಕೇಳದ ಸೋದರಮಾವನಿಗೆ ಮನಸಾರೆ ಥ್ಯಾಂಕ್ಸ್.

ಉಳಿದಿದ್ದೆಲ್ಲ ಅತ್ತಿಗೆಗೆ.

ನಾನು ಮಾಡಿದ ಪ್ರಯೋಗ ಇಷ್ಟು: ಮಗುವಿನ ಮುಂದೆ ಒಂದು ಮಿಠಾಯಿ ಇಡುವುದು. ನಾನು ಬರುವ ತನಕ ತಿನ್ನದಿದ್ದರೆ ಎರಡು ಕೊಡ್ತೀನಿ ಅಂತ ಹೇಳಿ ಹೊರಗೆ ಹೋಗುವುದು. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಇದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಅನ್ನುವ ಮಾತು ಆಮೇಲೆ ಎಲ್ಲ ಕಡೆ ಹಬ್ಬಿತು. ನಾನು ಅದನ್ನೇ ಅತ್ತಿಗೆಯ ಅಂಗನವಾಡಿಯಲ್ಲಿ ಕೊಬ್ಬರಿ ಮಿಠಾಯಿ ಇಟ್ಟು ಮಾಡಿದೆ. 11 ಮಕ್ಕಳು ನಾನು ಬಾಗಿಲು ದಾಟುವ ಮೊದಲೇ ತಿಂದು ಮುಗಿಸಿದ್ದರು. ನನ್ನ ಲೆಕ್ಕವೆಲ್ಲ ಕೆಟ್ಟಿತು.

ಮರುದಿನ ಬೆಳಗ್ಗೆ ಫಲಿತಾಂಶ ಕಳಿಸಬೇಕಿತ್ತು. 'ಪರೀಕ್ಷೆ ಅರ್ಥವಾಗದ ಮಕ್ಕಳು ಅಂತ ಬರೆದು ತೆಗೆದುಬಿಡು, ಎಲ್ಲರೂ ಮಾಡ್ತಾರೆ' ಎಂದು ಅನುಭವಸ್ಥರೊಬ್ಬರು ಹೇಳಿದ್ದರು. ರಾತ್ರಿ ಒಂದೂವರೆಗೆ ಆ 11 ಮಕ್ಕಳ ಸಾಲುಗಳನ್ನು ಅಳಿಸಲು ಆರಿಸಿಟ್ಟುಕೊಂಡು ಕೂತಿದ್ದೆ. ಅಳು ನಿಲ್ಲುತ್ತಿರಲಿಲ್ಲ. ಅತ್ತಿಗೆ ಮಲಗಿರಲಿಲ್ಲ. ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಏನು ಮಾಡ್ತಿದ್ದೀಯ ಅಂದರು. ಹೇಳಿದೆ.

"ಅರ್ಥ ಆಗದೆ ತಿಂದಿದ್ದಲ್ಲ ಕಣೇ. ಅರ್ಥ ಆಗಿಯೇ ತಿಂದಿದ್ದು. ತಟ್ಟೆಯಲ್ಲಿ ಬಿಟ್ಟಿದ್ದು ಅಣ್ಣನ ಪಾಲು. ಜಾತ್ರೆಯಿಂದ ತರ್ತೀನಿ ಅಂದ ಅಪ್ಪ ಬರಿಗೈಲಿ ಬರ್ತಾನೆ. ನೀನು ನಿನ್ನೆ ಬಂದವಳು. ನಿನ್ನ ಮಾತು ಅವು ಯಾಕೆ ನಂಬಬೇಕು?"

ಇದನ್ನು ನಾನು ಓದಿರಲಿಲ್ಲವೇ? ಓದಿದ್ದೆ. ಅಮೆರಿಕದ ರಾಚೆಸ್ಟರ್‌ನಲ್ಲಿ 28 ಮಕ್ಕಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಹೇಳುತ್ತದೆ. ದೊಡ್ಡವರು ಮೊದಲು ಮಾತು ಉಳಿಸಿಕೊಂಡಿದ್ದರೆ ಮಕ್ಕಳು ಸುಮಾರು 12 ನಿಮಿಷ ಕಾದರು. ಮಾತು ತಪ್ಪಿದ್ದರೆ ಮೂರೇ ನಿಮಿಷ. 2018ರಲ್ಲಿ 900ಕ್ಕೂ ಜಾಸ್ತಿ ಮಕ್ಕಳನ್ನು ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ತೀರಾ ಸಣ್ಣದಾಯಿತು. ಮನಶ್ಶಾಸ್ತ್ರದ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ 96 ಶೇಕಡಾ ಜನ, ಜಗತ್ತಿನ ಜನಸಂಖ್ಯೆಯ 12 ಶೇಕಡಾ ಮಾತ್ರ ಇರುವ ದೇಶಗಳವರು ಅಂತ 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಬರೆದಿದ್ದನ್ನು ನಾನು ಎಂಎ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವಳು. ಅಂಥವಳೇ, ನಮ್ಮ ಮಕ್ಕಳು ಆ ಶಿಶುವಿಹಾರದ ಮಕ್ಕಳ ಹಾಗಿಲ್ಲ ಅಂತ ಅಳಿಸಲು ಹೊರಟಿದ್ದೆ. ಅಪ್ಪ ಹೋದ ಮೇಲೆ 'ನಾಳೆ' ಅನ್ನುವ ಮಾತನ್ನು ನಾನೂ ನಂಬುತ್ತಿರಲಿಲ್ಲ. ಆ 11 ಸಾಲುಗಳಲ್ಲಿ ನಾನೂ ಇದ್ದೆ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಮನಶ್ಶಾಸ್ತ್ರದ 100 ಹಳೆಯ ಅಧ್ಯಯನಗಳನ್ನು ಸಂಶೋಧಕರು ಮತ್ತೆ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರು. ಮೊದಲ ಸಲ 97ರಲ್ಲಿ ಗಟ್ಟಿ ಫಲಿತಾಂಶ ಬಂದಿತ್ತು, ಎರಡನೇ ಸಲ ಬಂದಿದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇದು ಹೇಗಾಗುತ್ತದೆ ಅಂತ ನನಗೆ ಆ ರಾತ್ರಿ ತಿಳಿಯಿತು. ಮೋಸಗಾರರೇ ಬೇಕಿಲ್ಲ. ಸುಸ್ತಾದವಳೊಬ್ಬಳು, ಒಪ್ಪುವಂಥ ಒಂದು ನೆಪ, ಪಕ್ಕದಲ್ಲಿ ಯಾರೂ ಇಲ್ಲದಿರುವುದು, ಇಷ್ಟೇ ಸಾಕು.

ನನ್ನ ಪಕ್ಕದಲ್ಲಿ ನೀವಿದ್ದಿರಿ. ಬೆಳಗಿನ ಜಾವ ನಾಲ್ಕಕ್ಕೆ ಕಾಫಿ ಮಾಡಿಕೊಟ್ಟಿರಿ. ನಾನು ಇದ್ದದ್ದನ್ನು ಇದ್ದ ಹಾಗೆ ಕಳಿಸುವ ತನಕ ಎದ್ದು ಹೋಗಲಿಲ್ಲ. ಅದೇ ಈಗ ಪ್ರಬಂಧದ ನಾಲ್ಕನೇ ಅಧ್ಯಾಯ. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದಿದ್ದೂ ಅದರ ಮೇಲೆಯೇ.

ಸಂಕ್ರಾಂತಿಗೆ ಬರ್ತಿದ್ದೀನಿ ಅತ್ತಿಗೆ. ಅಂಗನವಾಡಿಗೆ ಕೊಬ್ಬರಿ ಮಿಠಾಯಿ ತರ್ತೀನಿ. ಮಕ್ಕಳಿಗೆ ಈಗಲೇ ಹೇಳಬೇಡಿ, ತಂದ ಮೇಲೆ ಹೇಳೋಣ.