ಆಟದ ಪಿರಿಯಡ್ ನಮಗೇ ಇರಲಿ

ಮಾನ್ಯ ಸಂಪಾದಕರೇ,

ನಾನು ಹತ್ತನೇ ತರಗತಿ ವಿದ್ಯಾರ್ಥಿನಿ. ಇಷ್ಟದ ವಿಷಯ ಸಮಾಜ ವಿಜ್ಞಾನ, ಅದರಲ್ಲೂ ಭೂಗೋಳ. ಗಣಿತದ ಮಾತು ಬೇಡ ಬಿಡಿ. ಹವ್ಯಾಸ ಅಂದರೆ ಹಕ್ಕಿ ನೋಡುವುದು. ನಮ್ಮ ಜಿಲ್ಲೆಯ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನೀರಲ್ಲೇ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿಕೊಂಡು ಗಲಾಟೆ ಮಾಡುವುದನ್ನು ನೋಡುತ್ತಾ ಕೂತರೆ ಊಟದ ನೆನಪೂ ಆಗುವುದಿಲ್ಲ. ಅದೇ ವರ್ಷ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಇದೂ ಭೂಗೋಳವೇ ಅಲ್ವಾ?

ಆದರೆ ಶಾಲೆಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿದೆ? ವೇಳಾಪಟ್ಟಿಯಲ್ಲಿ ಆಟ, ಚಿತ್ರಕಲೆ, ಗ್ರಂಥಾಲಯ ಎಲ್ಲವೂ ಇವೆ. ಹತ್ತನೇ ತರಗತಿ ಶುರುವಾದ ಮೇಲೆ ಅವೆಲ್ಲ ಸುಮ್ನೆ ಹೆಸರಿಗೆ ಮಾತ್ರ. ಆ ಹೊತ್ತಿಗೆ ಗಣಿತ ಅಥವಾ ವಿಜ್ಞಾನದ ಮೇಷ್ಟ್ರು ಬಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ಅವರದೂ ತಪ್ಪಲ್ಲ, ಫಲಿತಾಂಶ ಕಡಿಮೆಯಾದರೆ ಬೈಸಿಕೊಳ್ಳುವವರು ಅವರೇ.

ನಾವು ರಜೆ ಕೇಳುತ್ತಿಲ್ಲ. ವೇಳಾಪಟ್ಟಿಯಲ್ಲಿ ಬರೆದ ಆಟದ ಪಿರಿಯಡ್ಡನ್ನು, ಗ್ರಂಥಾಲಯದ ಪಿರಿಯಡ್ಡನ್ನು ಫೆಬ್ರವರಿವರೆಗಾದರೂ ನಮಗೇ ಬಿಡಿ. ತಪಾಸಣೆಗೆ ಬರುವ ಅಧಿಕಾರಿಗಳು ಶೇಕಡಾವಾರು ಫಲಿತಾಂಶದ ಜೊತೆಗೆ ಇದನ್ನೂ ಒಂದು ಮಾತು ಕೇಳಲಿ.

– ಒಬ್ಬ ವಿದ್ಯಾರ್ಥಿನಿ, ವಿಜಯನಗರ ಜಿಲ್ಲೆ