ಕಾಶಿಯಿಂದ ವಾಪಸ್ ಬಂದೆ

ಶನಿವಾರ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಮತ್ತೆ ಬಣ್ಣ ಹಚ್ಚಿದೆ. ಸಣ್ಣ ಪಾತ್ರ, ಎರಡೇ ದೃಶ್ಯ. ಆದರೆ ಕೊನೆಯ ಸಾಲಿನವರೆಗೂ ಮಾತು ಕೇಳಿಸಿತಂತೆ. ನನಗೆ ಬೇಕಿದ್ದದ್ದು ಅಷ್ಟೇ. ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಯಾಕಾಯ್ತು ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡೋಣ.

ಸಾಗರ, ತೀರ್ಥಹಳ್ಳಿಯಲ್ಲಿ ಹಣ ಕೂಡಿಸಿದ ರಂಗದ ಗೆಳೆಯರು, ದಿನಾ ಗಂಜಿ ಕಳಿಸಿದ ಅತ್ತಿಗೆ, ಸ್ವರದ ವ್ಯಾಯಾಮ ಹೇಳಿಕೊಟ್ಟ ಮೇಡಂ, ಎಲ್ಲರಿಗೂ ಕೈ ಮುಗಿಯುತ್ತೇನೆ. ಧಾರಾವಾಹಿ ತಂಡಕ್ಕೂ ಥ್ಯಾಂಕ್ಸ್. ನನ್ನ ಪಾತ್ರದ ಫೋಟೋಗೆ ಹಾರ ಹಾಕಿ ಕತೆ ಮುಂದುವರಿಸಬಹುದಿತ್ತು. ಅವರು ಕಾಶಿಯಾತ್ರೆಗೆ ಕಳಿಸಿ ಕಾದರು. ಪೋಷಕ ನಟನಿಗೆ ಇಷ್ಟು ಮರ್ಯಾದೆ ಸಿಗೋದು ಅಪರೂಪ.

ಇನ್ನು ನಮ್ಮ ಲೈಟಿಂಗ್ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ.

ಶಂಕರ್‌ನಾಗ್ ಆಗುಂಬೆಯಲ್ಲಿ ಶೂಟಿಂಗ್ ಮಾಡುವಾಗ ಗುಂಪಿನಲ್ಲಿ ನಿಂತು ನೋಡಿ ಹುಚ್ಚು ಹಿಡಿಸಿಕೊಂಡ ಹುಡುಗ ನಾನು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ 1991ರಲ್ಲಿ ಹೆಗ್ಗೋಡಿನ ಅದೇ ನೀನಾಸಂ ರಂಗಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದೆ. ಆಮೇಲೆ ನೀನಾಸಂನ ಸಂಚಾರಿ ನಾಟಕ ತಂಡ ‘ತಿರುಗಾಟ’. ಊರೂರಿಗೆ ಹೋಗಿ ನಾವೇ ಸೆಟ್ ಇಳಿಸಿ, ದೀಪ ಕಟ್ಟಿ, ನಾಟಕ ಆಡಿ, ರಾತ್ರಿಯೇ ಎಲ್ಲ ಬಿಚ್ಚಿ ಗಾಡಿಗೆ ಹೇರುವುದು. ಅಣ್ಣ ಸಿಕ್ಕಿದ್ದು ಅಲ್ಲಿ. ಅವರಿಗೆ ದೀಪದ ಕೆಲಸವೇ ಹಿಡಿಸಿತು. ಆಮೇಲೆ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಬಿಟ್ಟು ಏಳಲೇ ಇಲ್ಲ.

ಆಪರೇಷನ್ ಆದ ರಾತ್ರಿ ನನ್ನ ಹೆಂಡತಿಯನ್ನು ಬಲವಂತವಾಗಿ ಮನೆಗೆ ಕಳಿಸಿ ಇವರು ಉಳಿದರು. ಸ್ವರ ಬರುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ ಅಂತ ಡಾಕ್ಟರು ಹೇಳಿ ಹೋಗಿದ್ದರು. ‘ಮಾತಿಲ್ಲದ ನಟ ಯಾರಿಗೆ ಬೇಕು’ ಅಂತ ಸ್ಲೇಟಿನಲ್ಲಿ ಬರೆದೆ. ಅಣ್ಣ ಓದಿದರು. ಒರೆಸಿದರು. ಸಮಾಧಾನ ಗಿಮಾಧಾನ ಏನೂ ಇಲ್ಲ, ಹಳೇ ನಾಟಕವೊಂದನ್ನು ಶುರು ಮಾಡಿಬಿಟ್ಟರು. ರಾಜ, ಮಂತ್ರಿ, ದಾಸಿ ಎಲ್ಲರ ಮಾತೂ ಅವರದೇ, ಪಿಸುದನಿಯಲ್ಲಿ, ರೇಷನ್ ಚೀಟಿ ಓದಿದ ಹಾಗೆ. ನನ್ನ ಸರದಿ ಬಂದಾಗ ಸುಮ್ನೆ ಕಾಯುವರು. ನಾನು ತುಟಿ ಆಡಿಸಬೇಕು. ನಡುವೆ ‘ಇಲ್ಲಿ ನಿಮ್ಮ ಮೇಲೆ ಸ್ಪಾಟು’, ‘ಇಲ್ಲಿ ಕತ್ತಲು’. ಮಾತು ಕೇಳಿಕೊಂಡೇ ಅಲ್ವಾ ಅವರು ಲೈಟು ಬದಲಿಸುವುದು? ಇಡೀ ನಾಟಕ ಬಾಯಿಪಾಠ. ನಟರಾದ ನಮಗೆ ನಮ್ಮ ಮಾತು ಮತ್ತು ಅದರ ಹಿಂದಿನ ಮಾತು ನೆನಪಿದ್ದರೆ ಜಾಸ್ತಿ.

ಸಿಸ್ಟರ್ ಬಂದು ಗದರಿದರು. ‘ಇದೊಂದು ಅಂಕ ಮುಗಿಸಿಬಿಡ್ತೇವೆ ಮಾರಾಯ್ರೆ’ ಅಂದರು ಅಣ್ಣ.

ಒಂದು ಕಡೆ ನನಗೆ ಮಾತು ಮರೆತು ತುಟಿ ನಿಂತಿತು. ದನಿಯೇ ಇಲ್ಲದವನು ಎಲ್ಲಿ ತಪ್ಪಿದ ಅಂತ ಅವರಿಗೆ ಗೊತ್ತಾಯಿತು ನೋಡಿ. ಸಾಲು ಕೊಟ್ಟರು. ಇಷ್ಟು ವರ್ಷ ನನ್ನನ್ನು ಇಷ್ಟು ಗಮನ ಇಟ್ಟು ನೋಡಿದವರು ಒಬ್ಬರಿದ್ದರಲ್ಲ ಅನ್ನಿಸಿ ಅತ್ತುಬಿಟ್ಟೆ. ತುಂಬಾ ಅತ್ತೆ. ಗಂಟಲು ಉರಿದು ಹೋಯ್ತು.

‘ಈ ಸೀನಲ್ಲಿ ಅಳೋದಿಲ್ಲ ನಿಮಗೆ’ ಅಂದರು.

ಗಾಂಧಿ ಬಜಾರಿನಲ್ಲಿ ಜನ ನಿಲ್ಲಿಸಿ ‘ಆ ಸೀರಿಯಲ್ ಮಾವ ಅಲ್ವಾ ನೀವು’ ಅಂತ ಕೇಳುತ್ತಾರೆ. ಹೆಸರು ಯಾರಿಗೂ ಗೊತ್ತಿಲ್ಲ ಅಂತ ಮೊದಲು ಬೇಜಾರಾಗುತ್ತಿತ್ತು. ಈಗ ‘ಹೌದು, ಕಾಶಿಯಿಂದ ನಿನ್ನೆ ಬಂದೆ’ ಅನ್ನುತ್ತೇನೆ. ಸದ್ಯ, ಕೇಳಿಸುವಷ್ಟು ದನಿ ಇದೆ.

ಮುಂದಿನ ತಿಂಗಳು ಸಾಗರದಲ್ಲಿ ಇದೇ ನಾಟಕ, ಲೈಟು ಅಣ್ಣನದೇ. ಶಾಲು, ಹಣ್ಣಿನ ಬುಟ್ಟಿ ತರಬೇಡಿ. ಟಿಕೆಟ್ ತಗೊಂಡು ಬನ್ನಿ. ಪಾಸ್ ಕೇಳಬೇಡಿ.