ಕ್ರೋಶಾ ಕಡ್ಡಿಗೆ ನಂಬರ್ ಸಾಲದು, ಮಿಲಿಮೀಟರ್ ಬೇಕು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಕೈಕೆಲಸದ ಪುಟಗಳಲ್ಲಿ ಕ್ರೋಶಾ ಮಾದರಿಗಳು ಬರುವುದು ಸಂತೋಷದ ವಿಷಯ. ಆದರೆ ಸಾಮಗ್ರಿಯ ಪಟ್ಟಿಯಲ್ಲಿ ‘ಉಲ್ಲನ್, 8ನೇ ನಂಬರ್ ಕಡ್ಡಿ’ ಎಂದಷ್ಟೇ ಬರೆದರೆ ಹೊಸಬರು ಯಾವ ಕಡ್ಡಿ ಕೊಳ್ಳಬೇಕು? ಅಮೆರಿಕದ ಅಳತೆಯಲ್ಲಿ 8 ಅಂದರೆ 5 ಮಿ.ಮೀ., ಬ್ರಿಟನ್ನಿನ ಹಳೆಯ ಅಳತೆಯಲ್ಲಿ ಅದೇ 8 ಅಂದರೆ 4 ಮಿ.ಮೀ. ಅಮೆರಿಕದ್ದರಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪವಾಗುತ್ತದೆ, ಬ್ರಿಟನ್ನಿನದರಲ್ಲಿ ಏರಿದಂತೆ ಸಣ್ಣದಾಗುತ್ತದೆ. ಸಾಲದ್ದಕ್ಕೆ ಲೇಸ್ ಹೆಣೆಯುವ ಸ್ಟೀಲ್ ಕಡ್ಡಿಗಳಿಗೆ ಬೇರೆಯೇ ಲೆಕ್ಕ: ಅಮೆರಿಕದ ಉಲ್ಲನ್ ಕಡ್ಡಿಯಲ್ಲಿ 7 ಅಂದರೆ 4.5 ಮಿ.ಮೀ. ಆದರೆ, ಸ್ಟೀಲ್ ಕಡ್ಡಿಯಲ್ಲಿ 7 ಅಂದರೆ 2 ಮಿ.ಮೀ.ಗಿಂತಲೂ ಕಡಿಮೆ. ಆದ್ದರಿಂದ ಮಾದರಿ ಅಚ್ಚು ಮಾಡುವಾಗ ಮಿಲಿಮೀಟರನ್ನೇ ಕೊಡಿ ಎಂಬುದು ನಮ್ಮ ವಿನಂತಿ.

ಈ ಮಿಲಿಮೀಟರ್ ಕಡ್ಡಿಯ ಯಾವ ಭಾಗದ ಅಳತೆ ಎನ್ನುವುದನ್ನೂ ಹೇಳಬೇಕು. ಕೊಕ್ಕೆಯ ತಲೆಯದ್ದಲ್ಲ, ಹಿಂದಿನ ಹಿಡಿಯದ್ದೂ ಅಲ್ಲ. ಕೊಕ್ಕೆಯ ಕತ್ತು ಮುಗಿದ ಮೇಲೆ, ಹೆಬ್ಬೆರಳು ಇಡುವ ಚಪ್ಪಟೆ ಜಾಗಕ್ಕಿಂತ ಮುಂಚೆ ಒಂದೇ ಸಮ ದಪ್ಪವಿರುವ ದುಂಡನೆಯ ಭಾಗವೊಂದಿದೆಯಲ್ಲ, ಅದರ ಅಡ್ಡಳತೆ. ಕುಣಿಕೆಯ ಗಾತ್ರ ನಿರ್ಧಾರವಾಗುವುದು ಅಲ್ಲಿಯೇ. ಅಂಕಿ ಅಳಿಸಿಹೋದ ಕಡ್ಡಿಯನ್ನು ಹೆಣಿಗೆ ಕಡ್ಡಿಗಳ ಅಳತೆ ನೋಡುವ ತೂತು ಪಟ್ಟಿಯಲ್ಲಿ ತೂರಿಸಿ ನೋಡಬಹುದು. ಆಗಲೂ ಆ ಭಾಗ ತೂತಿನೊಳಗೆ ಹೋಗುವವರೆಗೆ ತಳ್ಳಬೇಕು, ತಲೆ ದಾಟಿದರೆ ಸಾಲದು.

ಮೊದಲ ಕಡ್ಡಿ ಯಾವುದಿರಬೇಕು? 5 ಮಿ.ಮೀ. ಅಲ್ಯುಮಿನಿಯಂ ಕಡ್ಡಿ ಒಂದಿದ್ದರೆ ಕಲಿಕೆಗೆ ಸಾಕು; ಹನ್ನೆರಡು ಕಡ್ಡಿಗಳ ಸೆಟ್ ಆಮೇಲೂ ಕೊಳ್ಳಬಹುದು. ಅಂತರರಾಷ್ಟ್ರೀಯ ಉಲ್ಲನ್ ಲೇಬಲ್‌ಗಳಲ್ಲಿ 0ಯಿಂದ 7ರವರೆಗೆ ದಪ್ಪದ ಅಂಕಿ ಇರುತ್ತದೆ. 3 ಎಂದಿರುವ ಉಲ್ಲನ್‌ಗೆ 4.5ರಿಂದ 5.5 ಮಿ.ಮೀ., 4 ಎಂದಿರುವುದಕ್ಕೆ 5.5ರಿಂದ 6.5 ಮಿ.ಮೀ. ಕಡ್ಡಿ ಸಾಮಾನ್ಯವಾಗಿ ಹೊಂದುತ್ತದೆ. ಬಣ್ಣ ತಿಳಿಯಾಗಿರಲಿ, ಎಳೆ ನುಣುಪಾಗಿರಲಿ. ಕಪ್ಪು ಉಲ್ಲನ್‌ನಲ್ಲೂ ಜುಂಗು ಎದ್ದ ಉಲ್ಲನ್‌ನಲ್ಲೂ ಕಡ್ಡಿ ತೂರಿಸಬೇಕಾದ ಜಾಗವೇ ಕಣ್ಣಿಗೆ ಬೀಳುವುದಿಲ್ಲ. ‘ಸಣ್ಣ ಕಡ್ಡಿ, ಸಣ್ಣ ದಾರದಿಂದ ಶುರು ಮಾಡಿದರೆ ಕೈ ಪಳಗುತ್ತದೆ’ ಎನ್ನುವವರಿದ್ದಾರೆ. ಪಳಗುವ ಮೊದಲೇ ಬೇಸರ ಬಂದು ಬಿಡುವವರೇ ಹೆಚ್ಚು.

ಅಲ್ಯುಮಿನಿಯಂ ಮೇಲೆ ದಾರ ಸಲೀಸಾಗಿ ಜಾರುತ್ತದೆ. ಜಾರುವುದೇ ಅತಿಯಾಗಿ ಕುಣಿಕೆ ಪದೇ ಪದೇ ಕಳಚುತ್ತಿದ್ದರೆ ಬಿದಿರಿನ ಕಡ್ಡಿ ಒಳ್ಳೆಯದು, ಅದು ದಾರವನ್ನು ತುಸು ಹಿಡಿದಿಡುತ್ತದೆ. ಪ್ಲಾಸ್ಟಿಕ್ ಹಗುರ, ಆದರೆ ಸಣ್ಣ ಅಳತೆಯದು ಬಾಗುತ್ತದೆ. ಅಚ್ಚಿನ ಅಂಚು ಉಳಿದಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಕೊಳ್ಳುವಾಗ ಕೊಕ್ಕೆಯ ಒಳಬದಿಗೆ ಉಗುರು ಸವರಿ ನೋಡಿದರೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಯಾರೂ ವಿವರಿಸದ ಸಂಗತಿ ತಲೆಯ ಆಕಾರ. ಒಂದು ಬಗೆಯಲ್ಲಿ ತಲೆ ಮತ್ತು ಕಡ್ಡಿ ಒಂದೇ ದಪ್ಪ, ಕೊಕ್ಕೆ ಒಳಕ್ಕೆ ಆಳವಾಗಿ ಕೊರೆದಿರುತ್ತದೆ. ಇನ್ನೊಂದರಲ್ಲಿ ಕತ್ತು ಕ್ರಮೇಣ ಸಪೂರವಾಗುತ್ತ ಹೋಗಿ ತಲೆ ದುಂಡಗೆ ಮುಂದೆ ನಿಂತಿರುತ್ತದೆ. ಮೊದಲನೆಯದು ದಾರವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಕುಣಿಕೆಗಳ ಅಳತೆಯೂ ಒಂದೇ ಸಮ ಬರುತ್ತದೆ. ಹೊಸಬರಿಗೆ ಇದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಎರಡನೆಯದರಲ್ಲಿ ಕೈ ವೇಗವಾಗಿ ಓಡುತ್ತದೆ ನಿಜ, ಆದರೆ ಕುಣಿಕೆಯನ್ನು ಆ ಸಪೂರ ಕತ್ತಿನಲ್ಲೇ ಬಿಗಿದುಬಿಟ್ಟರೆ ಮುಂದಿನ ಸಾಲಿನಲ್ಲಿ ಕಡ್ಡಿ ತೂರುವುದೇ ಇಲ್ಲ. ತುದಿ ಚೂಪಾಗಿದ್ದರೆ ಬಿಗಿ ಹೆಣಿಗೆಯೊಳಗೆ ಸುಲಭವಾಗಿ ನುಗ್ಗುತ್ತದೆ, ಸಡಿಲ ಹುರಿಯ ಉಲ್ಲನ್ ಆದರೆ ಎಳೆಗಳನ್ನೂ ಸೀಳುತ್ತದೆ.

ಎಡಗೈಯವರು ಬೇರೆ ಕಡ್ಡಿ ಹುಡುಕಬೇಕಿಲ್ಲ. ಕೊನೆಯಲ್ಲಿ ಗುಂಡು ಇರುವ ಉದ್ದನೆಯ ಕಡ್ಡಿ ಮಾತ್ರ, ಸಾಲಿನ ಕುಣಿಕೆಗಳನ್ನೆಲ್ಲ ಕಡ್ಡಿಯ ಮೇಲೇ ಇಟ್ಟುಕೊಂಡು ಹೆಣೆಯುವ ಟ್ಯುನೀಷಿಯನ್ ಕ್ರೋಶಾದ್ದು, ಮಾಮೂಲಿ ಕೆಲಸಕ್ಕೆ ಅದು ಅಡ್ಡಿಯೇ.

ಹೆಣಿಗೆಯ ಬುಡಕ್ಕೆ ಹಾಕುವ ಕುಣಿಕೆಗಳ ಸರಪಳಿ, ಅಂದರೆ ಮೊದಲ ಚೈನ್, ಬಿಗಿಯಾಗಿ ಬಟ್ಟೆಯ ಕೆಳ ಅಂಚು ಒಳಕ್ಕೆ ಎಳೆದುಕೊಳ್ಳುವುದು ಹೊಸಬರೆಲ್ಲರ ದೂರು. ಚೈನ್‌ಗೆ ಮಾತ್ರ ಅರ್ಧ ಅಥವಾ ಒಂದು ಮಿ.ಮೀ. ಹೆಚ್ಚು ದಪ್ಪದ ಕಡ್ಡಿ ಬಳಸಿ, ಅದರ ಮೇಲಿನ ಸಾಲಿಗೆ ಮಾಮೂಲಿ ಕಡ್ಡಿಗೆ ಬಂದರೆ ಅದು ಸರಿಹೋಗುತ್ತದೆ.

ಮಾದರಿಯಲ್ಲಿ ಕೊಟ್ಟ ಮಿಲಿಮೀಟರ್ ಕೂಡ ಅಂತಿಮವಲ್ಲ, ಒಬ್ಬೊಬ್ಬರ ಕೈಬಿಗಿ ಒಂದೊಂದು ಥರ. ಸುಮಾರು 15 ಸೆಂ.ಮೀ. ಚೌಕದ ತುಂಡೊಂದನ್ನು ಹೆಣೆದು, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಹೊಲಿಗೆ ಎಣಿಸಬೇಕು. ಮಾದರಿ 14 ಹೊಲಿಗೆ ಹೇಳಿ ನಮ್ಮದು 16 ಬಂದರೆ ಕೈ ಬಿಗಿ, ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿ ಬೇಕು. 12 ಬಂದರೆ ಅರ್ಧ ಮಿ.ಮೀ. ಸಣ್ಣದು. ಕೈಯ ಬಿಗಿಯನ್ನೇ ಬದಲಿಸಲು ಹೋದರೆ ನಾಲ್ಕು ಸಾಲಿನ ನಂತರ ಹಳೆಯ ಅಭ್ಯಾಸ ಮರಳುತ್ತದೆ, ಬಟ್ಟೆ ಸೊಟ್ಟಗಾಗುತ್ತದೆ. ಹತ್ತಿ ತುಂಬುವ ಗೊಂಬೆಗಳದ್ದು ಮಾತ್ರ ಬೇರೆ ದಾರಿ: ಲೇಬಲ್ ಹೇಳಿದ್ದಕ್ಕಿಂತ ಒಂದೋ ಎರಡೋ ಅಳತೆ ಸಣ್ಣ ಕಡ್ಡಿ ಹಿಡಿಯದಿದ್ದರೆ ಒಳಗಿನ ಹತ್ತಿ ಹೊರಗೆ ಇಣುಕುತ್ತದೆ.

ಹಾಗಾಗಿ ಕಡ್ಡಿಯ ಮಿಲಿಮೀಟರ್ ಪಕ್ಕದಲ್ಲಿ 10 ಸೆಂ.ಮೀ.ಗೆ ಎಷ್ಟು ಹೊಲಿಗೆ, ಎಷ್ಟು ಸಾಲು ಎನ್ನುವುದನ್ನೂ ಅಚ್ಚು ಮಾಡಬೇಕಾಗಿ ಕೋರುತ್ತೇವೆ. ಜಾಗ ಸಾಲದಿದ್ದರೆ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದರಾಯಿತು.

– ಕ್ರೋಶಾ ಕಲಿಸುವ ಓದುಗರು